ಮೂಗಣ್ಣ ಪಿಜ್ಜಾ ಕಲಿತದ್ದು

ಸಾಬೂನು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಅವನ ಹುದ್ದೆ 'ಗುಣಮಟ್ಟ ಪರೀಕ್ಷಕ' ಎಂದಿತ್ತು. ಆದರೆ ಗೇಟು ಕಾಯುವವನಿಂದ ಹಿಡಿದು ಮ್ಯಾನೇಜರಮ್ಮನವರೆಗೆ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಮೂಗಣ್ಣ ಎಂದೇ. ಹಾಗಂತ ಮೂಗೇನೂ ದೊಡ್ಡದಿರಲಿಲ್ಲ, ನೋಡಲು ಹತ್ತು ಜನರ ಮೂಗಿನ ಹಾಗೆಯೇ ಇತ್ತು. ದೊಡ್ಡದಾಗಿದ್ದದ್ದು ಅದರ ಕೆಲಸ. ಎಣ್ಣೆಯ ಟ್ಯಾಂಕರ್ ಅಂಗಳಕ್ಕೆ ಬಂದರೆ ಮುಚ್ಚಳ ತೆಗೆದು ಮೊದಲು ಮೂಸುವವನು ಅವನು. ಸೆಂಟಿನ ಪೀಪಾಯಿ ಬಂದರೆ ಕಾಗದದ ಪಟ್ಟಿಯನ್ನು ಅದರಲ್ಲಿ ಅದ್ದಿ, ಆಗಲೇ ಒಮ್ಮೆ, ಹತ್ತು ನಿಮಿಷ ಬಿಟ್ಟು ಒಮ್ಮೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಇನ್ನೊಮ್ಮೆ ಮೂಸಿ ಹೂಂ ಅಥವಾ ಊಹೂಂ ಅನ್ನುತ್ತಿದ್ದ. ತಯಾರಾದ ಸಾಬೂನಿನ ಮಾದರಿಗಳು ಬೆಚ್ಚನೆಯ ಕಪಾಟಿನಲ್ಲಿ ವಾರಗಟ್ಟಲೆ ಕೂತಿರುತ್ತಿದ್ದವು. ಅವುಗಳ ಯೋಗಕ್ಷೇಮ ವಿಚಾರಿಸುವವನೂ ಅವನೇ. ಮೂಗು ದಣಿದರೆ ಅಂಗಿಯ ತೋಳು ಮಡಚಿ, ತನ್ನದೇ ಮೊಣಕೈಯ ಒಳಮಡಿಕೆಯನ್ನು ಎರಡು ಸಲ ಮೂಸಿಕೊಳ್ಳುತ್ತಿದ್ದ. ಬೇರೆಯವರು ಮುಖ ತೊಳೆದುಕೊಂಡ ಹಾಗೆ ಅವನಿಗೆ ಅದು.

ಇಂಥ ಮೂಗನ್ನು ಮನೆಯಲ್ಲಿಟ್ಟುಕೊಳ್ಳುವುದೆಂದರೆ ಹಸುಗೂಸನ್ನು ಸಾಕಿದ ಹಾಗೆ. ಕೆಲಸದ ದಿನ ಬೆಳಿಗ್ಗೆ ಈರುಳ್ಳಿ ಹುರಿಯುವಂತಿಲ್ಲ, ಬೆಳ್ಳುಳ್ಳಿಯನ್ನು ಮುಟ್ಟುವಂತಿಲ್ಲ, ಹೆಂಡತಿ ಪೌಡರ್ ಹಾಕಿಕೊಳ್ಳುವಂತಿಲ್ಲ. ಅತ್ತೆ ಮೊಣಕಾಲಿಗೆ ನೋವಿನ ಮುಲಾಮು ಹಚ್ಚಿಕೊಳ್ಳುವುದಿದ್ದರೂ ಅಳಿಯ ಹೊಸ್ತಿಲು ದಾಟಿದ ಮೇಲೆಯೇ. ಮನೆಯಲ್ಲಿ ಇದ್ದದ್ದು ಈ ಮೂವರೇ. ಹೆಂಡತಿ ನಗರಸಭೆಯ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು; ಸಂಜೆ ಬಂದವಳು ತಲೆಗೂದಲನ್ನು ಎರಡು ಸಲ ತೊಳೆಯದೆ ಅವನ ಪಕ್ಕ ಕೂರುತ್ತಿರಲಿಲ್ಲ. ಅವಳ ತಾಯಿಗೆ ಒಂದು ಕಿವಿ ಪೂರ್ತಿ, ಇನ್ನೊಂದು ಅರ್ಧ ಹೋಗಿತ್ತು. ಉಳಿದರ್ಧ ಕಿವಿ ಬೇಕಾದದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ ಎಂದು ಮಗಳ ಗುಮಾನಿ.

ಹೀಗೆ ಇಪ್ಪತ್ತೆರಡು ವರ್ಷ ನಡೆದ ಮೇಲೆ ಮೂಗಣ್ಣನಿಗೆ ಒಂದು ಜ್ವರ ಬಂತು. ಅಂಥ ಭಾರೀ ಜ್ವರವೇನಲ್ಲ. ಒಂದು ವಾರ ಮಲಗಿದ, ಎದ್ದ. ಎದ್ದ ದಿನ ಕಾಫಿ ಕುಡಿದರೆ ಬಿಸಿನೀರು. ಹಾಲು ಜಾಸ್ತಿಯಾಗಿರಬೇಕು ಅಂದುಕೊಂಡು ಕಾಫಿಪುಡಿಯ ಡಬ್ಬಿಯಲ್ಲೇ ಮೂಗಿಟ್ಟ. ಏನೂ ಇಲ್ಲ. ಬಚ್ಚಲಿಗೆ ಹೋಗಿ ಸಾಬೂನು ಮೂಸಿದ, ಸೀಮೆಎಣ್ಣೆಯ ಬಾಟಲಿ ತೆರೆದ, ಕೊನೆಗೆ ತನ್ನ ಮೊಣಕೈಗೇ ಶರಣಾದ. ಲೋಕ ಇದ್ದಲ್ಲೇ ಇತ್ತು, ವಾಸನೆ ಮಾತ್ರ ಇರಲಿಲ್ಲ.

ಯಾರಿಗೂ ಹೇಳಲಿಲ್ಲ. ನೆಗಡಿ ಪೂರ್ತಿ ಇಳಿದಿಲ್ಲ, ಎರಡು ದಿನದಲ್ಲಿ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಕೆಲಸಕ್ಕೆ ಹೋದ. ಎರಡು ದಿನ ನಾಲ್ಕಾಯಿತು, ನಾಲ್ಕು ಹತ್ತಾಯಿತು. ಎಣ್ಣೆಯನ್ನು ಬಣ್ಣ ನೋಡಿ, ಬೆರಳಿನ ನಡುವೆ ಉಜ್ಜಿ ಅಂದಾಜು ಮಾಡಿದ. ಅನುಮಾನ ಬಂದಾಗ ಕಡಾಯಿ ಮೇಸ್ತ್ರಿಯನ್ನು ಕರೆಯುತ್ತಿದ್ದ. ಸಾಬೂನು ಕುದಿಸುವ ಕಡಾಯಿಗಳ ಉಸ್ತುವಾರಿ ಅವನದು. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಮಧ್ಯಾಹ್ನ ಒಂದೇ ಬೆಂಚಿನ ಮೇಲೆ ಬುತ್ತಿ ಬಿಚ್ಚುವವರು.

"ಇದು ನಿನಗೆ ಹೇಗನ್ಸುತ್ತೆ, ಹೇಳು ನೋಡೋಣ," ಎಂದು ಮೂಗಣ್ಣ ಪಟ್ಟಿ ಚಾಚುತ್ತಿದ್ದ.

"ನನ್ನ ಕೇಳ್ತೀಯಾ? ನಿಂಬೆ ಸ್ವಲ್ಪ ಮುಂದೆ ಬಂದ ಹಾಗಿದೆ."

"ಹೂಂ, ನನಗೂ ಹಾಗೇ ಅನ್ನಿಸ್ತು."

ಮೇಸ್ತ್ರಿಗೆ ಒಳಗೊಳಗೇ ಖುಷಿ. ಇಷ್ಟು ವರ್ಷಗಳ ಮೇಲಾದರೂ ಇವನು ತನ್ನ ಮಾತಿಗೆ ಬೆಲೆ ಕೊಟ್ಟನಲ್ಲ ಎಂದು.

ಮನೆಯಲ್ಲಿ ಗುಟ್ಟು ಹತ್ತೊಂಬತ್ತನೆಯ ದಿನ ಬಯಲಾಯಿತು. ಅತ್ತೆ ದೇವಸ್ಥಾನಕ್ಕೆ ಹೋಗಿದ್ದ ಹೊತ್ತು, ಒಲೆಯ ಮೇಲೆ ಹಾಲಿಟ್ಟು, ಅಡುಗೆಮನೆಯ ಮೇಜಿನ ಮೇಲೇ ಪೇಪರ್ ಹರಡಿಕೊಂಡು ಕೂತಿದ್ದ. ಹಾಲು ಉಕ್ಕಿತು, ಬತ್ತಿತು, ಪಾತ್ರೆಯ ತಳ ಇದ್ದಲಾಯಿತು. ಒಲೆಗೆ ಬೆನ್ನು ಹಾಕಿ ಕೂತವನು ಪದಬಂಧ ಬಿಡಿಸುತ್ತಲೇ ಇದ್ದ. ಹೆಂಡತಿ ಮೂರು ಮಹಡಿ ಓಡಿ ಹತ್ತಿ ಬಂದು ಒಲೆ ಆರಿಸಿದಳು.

"ಏನ್ರೀ ಇದು? ಕೆಳಗಿನ ಮೆಟ್ಟಿಲಿಂದಲೇ ಮೂಗು ಮುಚ್ಕೊಂಡು ಬಂದೆ. ನೀವು ಇಲ್ಲೇ ಕೂತಿದ್ದೀರಲ್ಲ."

ಮೂಗಣ್ಣ ಕರಕಲಾದ ಪಾತ್ರೆ ನೋಡಿದ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ನನಗೆ ವಾಸನೆ ಬರ್ತಿಲ್ಲ ಕಣೇ."

"ಯಾವಾಗಿಂದ?"

"ಜ್ವರ ಬಿಟ್ಟಾಗಿಂದ."

ಅವಳು ಕಿಟಕಿ ತೆರೆದಳು. "ಅಂದ್ರೆ ಇಷ್ಟು ದಿನ ನಾನು ಮಾಡಿದ್ದಕ್ಕೆಲ್ಲ ಮೂಗು ಮುರೀತಿದ್ರಲ್ಲ, ಅದು ನನ್ನ ಕೈರುಚಿಗಲ್ಲ?"

"ಮೂಗೇ ಸತ್ತಿದೆ, ಮುರಿಯೋದೇನು."

ಅವಳಿಗೆ ನಗು ಬಂತು, ಕೂಡಲೇ ಸಿಟ್ಟೂ ಬಂತು. "ಇಪ್ಪತ್ತೆರಡು ವರ್ಷ ನಾನೂ ಅಮ್ಮನೂ ನಿಮ್ಮ ಮೂಗಿನಲ್ಲಿ ಬಾಡಿಗೆಗೆ ಇದ್ದ ಹಾಗಿದ್ವಿ. ಈಗ ಮನೆ ಓನರ್ರೇ ಊರು ಬಿಟ್ಟು ಹೋಗಿದ್ದಾರೆ ಅಂತೀರಿ. ಒಂದು ಮಾತು ಹೇಳಬಾರದಿತ್ತಾ?" ಆಮೇಲೆ ಸ್ವರ ತಗ್ಗಿಸಿ, "ನಾಳೆ ಕಾರ್ಖಾನೆಯಲ್ಲಿ ಹೇಳಿಬಿಡಿ," ಅಂದಳು.

ಮಾರನೆಯ ದಿನ ಅವನು ಹೇಳಲಿಲ್ಲ. ಆ ವಾರ ಮೇಸ್ತ್ರಿ ಎರಡು ದಿನ ರಜೆ ಹಾಕಿದ್ದ. ಅದೇ ಸಮಯ ನೋಡಿಕೊಂಡು ಬಂದಂತೆ ಒಂದು ಟ್ಯಾಂಕರ್ ಬಂತು. ಎಣ್ಣೆಯ ಬಣ್ಣ ಬಂಗಾರದಂತಿತ್ತು. ಮೂಗಣ್ಣ ಮುಚ್ಚಳದ ಮೇಲೆ ಬಗ್ಗಿ, ಎಂದಿನ ಹಾಗೆ ಕಣ್ಣು ಮುಚ್ಚಿ, ಎರಡು ಸಲ ಉಸಿರೆಳೆದುಕೊಂಡು ಹೂಂ ಅಂದ. ಎಣ್ಣೆ ಪೈಪಿನಲ್ಲೇ ಕಡಾಯಿಗೆ ಇಳಿಯುತ್ತಿದ್ದರಿಂದ ಬೇರೆ ಯಾರೂ ಅದರ ಹತ್ತಿರ ಸುಳಿಯಲಿಲ್ಲ. ಎಣ್ಣೆ ಹಳಸಿತ್ತು; ಸೆಂಟು ಬಿದ್ದ ಮೇಲೆ ಅದರ ಕಮಟು ಅಡಗಿ ಕೂತಿತು. ಅಂಗಡಿಗಳ ಕಪಾಟು ಸೇರಿ ಮೂರು ವಾರವಾದ ಮೇಲೆ ತಲೆಯೆತ್ತಿತು. ಸಾಬೂನು ಒದ್ದೆ ಗೋಣಿಚೀಲದಂತೆ ನಾರುತ್ತಿದೆ ಎಂದು ಮೊದಲು ಒಂದು ಫೋನು, ಆಮೇಲೆ ಹತ್ತು. ಒಂದಿಡೀ ಲಾಟು ಲಾರಿಗಳಲ್ಲಿ ವಾಪಸು ಬಂತು.

ಮ್ಯಾನೇಜರಮ್ಮ ಕಡಾಯಿ ಮೇಸ್ತ್ರಿಯನ್ನು ಕರೆಸಿದರು. ಎಣ್ಣೆ ಮೂಗಣ್ಣನ ಕೈದಾಟಿ ಬಂದದ್ದು, ಆದ್ದರಿಂದ ಅದು ಸರಿಯಿತ್ತು; ಹಾಗಿದ್ದರೆ ಕಡಾಯಿ ಹೆಚ್ಚು ಕಾದಿರಬೇಕು ಎಂಬುದು ಅವರ ಲೆಕ್ಕ. ಮೇಸ್ತ್ರಿ ಮಾತು ತಡವರಿಸುತ್ತ ನಿಂತಿದ್ದ. ಬಾಗಿಲಲ್ಲಿದ್ದ ಮೂಗಣ್ಣ ಒಳಗೆ ಬಂದ.

"ಮೇಡಂ, ಕಡಾಯಿಯ ತಪ್ಪಲ್ಲ. ಎಣ್ಣೆಯೇ ಕಮಟಾಗಿತ್ತು. ನನಗೆ ಗೊತ್ತಾಗಲಿಲ್ಲ. ಎರಡು ತಿಂಗಳಾಯ್ತು, ನನಗೆ ಏನೂ ವಾಸನೆ ಬರಲ್ಲ."

ಮ್ಯಾನೇಜರಮ್ಮ ಕೂಗಾಡಲಿಲ್ಲ. ಕನ್ನಡಕ ತೆಗೆದಿಟ್ಟು, ಈ ಎರಡು ತಿಂಗಳಲ್ಲಿ ಅವನು ಹೂಂ ಅಂದದ್ದನ್ನೆಲ್ಲ ಪಟ್ಟಿ ಮಾಡಿಸಿ ಮತ್ತೆ ಪರೀಕ್ಷೆ ಮಾಡಿಸಿದರು. ಅವನನ್ನು ತೂಕದ ವಿಭಾಗಕ್ಕೆ ಹಾಕಿದರು. ಸಿಟ್ಟಾದದ್ದು ಮೇಸ್ತ್ರಿ, ಅದೂ ತಪ್ಪು ತನ್ನ ಮೇಲೆ ಬಂದದ್ದಕ್ಕಲ್ಲ.

"ದಿನಾ 'ಹೇಗನ್ಸುತ್ತೆ' ಅಂತ ಕೇಳ್ತಿದ್ದೆಯಲ್ಲ. ನಾನು ದೊಡ್ಡ ಮನುಷ್ಯ ಆದೆ ಅಂತ ಹಿಗ್ಗಿ ಮನೆಗೆ ಹೋಗಿ ಹೆಂಡತಿ ಹತ್ತಿರ ಹೇಳ್ತಿದ್ದೆ. ನನ್ನ ಮೂಗು ಹಿಡ್ಕೊಂಡು ನೀನು ಕೆಲಸ ಮಾಡ್ತಿದ್ದೆ, ನನಗೇ ಹೇಳದೆ." ಅಂದಿನಿಂದ ಬುತ್ತಿಯ ಬೆಂಚು ಬದಲಾಯಿಸಿದ.

ಮೂಗಿನ ಡಾಕ್ಟರು ಒಳಗೆ ದೀಪ ಬಿಟ್ಟು ನೋಡಿ, ನರ ಸೊರಗಿದೆ, ಬಂದರೂ ಬರಬಹುದು, ಬಾರದೆಯೂ ಇರಬಹುದು ಅಂದರು. ನಾಲಿಗೆಗೆ ತಾನಾಗಿ ಗೊತ್ತಾಗುವುದು ಸಿಹಿ, ಉಪ್ಪು, ಹುಳಿ, ಕಹಿಯಂಥ ನಾಲ್ಕೈದು ಮಾತ್ರ. ಮಿಕ್ಕಿದ್ದೆಲ್ಲ ಮೂಗಿನ ಕೃಪೆ ಎಂದೂ ವಿವರಿಸಿದರು. ತೂಕದ ವಿಭಾಗದಲ್ಲಿ ಸಾಬೂನುಗಳು ಓಡುವ ಪಟ್ಟೆಯ ಮೇಲೆ ಸಾಲಾಗಿ ಬರುತ್ತಿದ್ದವು. ಕಡಿಮೆ ತೂಗಿದ್ದನ್ನು ಪಕ್ಕಕ್ಕೆ ತಳ್ಳುವುದಷ್ಟೇ ಕೆಲಸ. ಮನೆಯಲ್ಲಿ ತಟ್ಟೆಗೆ ಹಾಕಿದ್ದನ್ನು ಅದೇ ರೀತಿ ಪಕ್ಕಕ್ಕೆ ತಳ್ಳುತ್ತಿದ್ದ. ಏನು ತಿಂದರೂ ರಟ್ಟು, ಒದ್ದೆ ರಟ್ಟು, ಬಿಸಿ ರಟ್ಟು. ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು. "ಮಾಡಿ ಹಾಕಿ ಏನು ಪ್ರಯೋಜನ, ಗೋಡೆಗೆ ಬಡಿಸಿದ ಹಾಗೆ," ಎಂದು ಹೆಂಡತಿಯೂ ಕೈಗೆ ಸಿಕ್ಕಿದ್ದನ್ನು ಬೇಯಿಸಿಡತೊಡಗಿದಳು.

ಒಂದು ಸಂಜೆ ಅವಳು ಈಜುಕೊಳದಿಂದ ರಟ್ಟಿನ ಡಬ್ಬಿಯೊಂದನ್ನು ತಂದಳು. ಯಾವುದೋ ಮಗುವಿನ ಹುಟ್ಟುಹಬ್ಬಕ್ಕೆ ತರಿಸಿದ ಪಿಜ್ಜಾದಲ್ಲಿ ಎರಡು ಹೋಳು ಉಳಿದಿದ್ದವು. ಮೇಲೆ ಅನಾನಸ್ ತುಂಡು, ಉಪ್ಪುಪ್ಪಾದ ಚೀಸ್, ಹಸಿಮೆಣಸಿನಕಾಯಿ. ಮೂಗಣ್ಣ ಒಂದು ತುತ್ತು ಕಚ್ಚಿ ಎಂದಿನಂತೆ ಅಗಿಯತೊಡಗಿದವನು, ನಿಲ್ಲಿಸಿದ. ಮೊದಲು ಸಿಹಿ ಬಂತು. ಅದರ ಹಿಂದೆ ಉಪ್ಪು, ಆಮೇಲೆ ತುಟಿಯ ಮೇಲೆ ಖಾರದ ಚುರುಕು, ಕೊನೆಗೆ ಅಂಚಿನ ಕುರುಕುರು. ಎರಡೂವರೆ ತಿಂಗಳ ಮೇಲೆ ಬಾಯೊಳಗೆ ಏನೋ ನಡೆದಿತ್ತು. ಎರಡನೆಯ ಹೋಳಿಗೂ ಕೈಹಾಕಿದ.

"ಅದು ಅಮ್ಮಂಗೆ ಅಂತ ತಂದಿದ್ದು," ಅಂದಳು ಹೆಂಡತಿ. ಆದರೆ ತಟ್ಟೆಯನ್ನು ಅವನ ಕಡೆಗೇ ಸರಿಸಿದಳು.

ಮರುದಿನ ತಾನೇ ಹೋಗಿ ಅಂಗಡಿಯಿಂದ ತಂದ. ಅದು ಮೆತ್ತಗಾಗಿತ್ತು, ಮೇಲೆ ಬರೀ ತರಕಾರಿ, ಮತ್ತೆ ರಟ್ಟು. ಹಾಗಾದರೆ ಗುಟ್ಟು ಇರುವುದು ಯಾವುದರ ಜೊತೆ ಯಾವುದು ಎಂಬುದರಲ್ಲಿ ಎಂದು ಹಳೆಯ ಪರೀಕ್ಷಕನಿಗೆ ಹೊಳೆಯಿತು. ಭಾನುವಾರ ಮೈದಾ, ಈಸ್ಟ್, ಚೀಸ್ ತಂದು ಅಡುಗೆಮನೆ ಸೇರಿದ. ಮದುವೆಯಾದಾಗಿನಿಂದ ಆ ಕೋಣೆಯಲ್ಲಿ ಅವನು ಮೂಗು ತೂರಿಸಿದ್ದು, ಹಾಲು ಕಾಯಿಸಿದ್ದು ಬಿಟ್ಟರೆ ಕೈಹಾಕಿದ್ದಿಲ್ಲ. ಕುದಿಯುವ ನೀರಿಗೇ ಈಸ್ಟ್ ಸುರಿದು ಅದನ್ನು ಕೊಂದ. ಹಿಟ್ಟು ಮೂರು ಗಂಟೆಯಾದರೂ ಹೆಣದಂತೆ ಬಿದ್ದಿತ್ತು. ಎರಡನೆಯ ಸಲ ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ ಹಾಕಿ ಈಸ್ಟ್ ಕದಡಿ, ನೊರೆ ಬಂದ ಮೇಲೆ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಇಟ್ಟ. ಹಿಟ್ಟು ಉಬ್ಬಿತು. ಆದರೆ ಹದವಾಗಿದೆಯೋ ಹೆಚ್ಚು ಹುಳಿಯಿತೋ ತಿಳಿಯಲು ಮೂಗು ಬೇಕಲ್ಲ. ಬಟ್ಟಲನ್ನು ಅತ್ತೆಯ ಮುಂದೆ ಹಿಡಿದ.

"ಅತ್ತೆ, ಮೂಸಿ ನೋಡಿ. ಹುಳಿ ಬಂದಿದೆಯಾ?"

"ಹುಳ ಬಂದಿದೆಯಾ? ಎಲ್ಲಿ?" ಅತ್ತೆ ಕನ್ನಡಕ ಏರಿಸಿ ಹಿಟ್ಟನ್ನು ಬೆರಳಿನಿಂದ ಕೆದಕತೊಡಗಿದರು.

"ಹುಳ ಅಲ್ಲ, ಹುಳಿ. ಹುಳಿ!"

"ಒಂದೇ ಹುಳ ಇದ್ರೂ ಅಷ್ಟನ್ನೂ ಚೆಲ್ಲಬೇಕು ಅಳಿಯಂದ್ರೇ, ನಾಚಿಕೆ ಪಡಬೇಡಿ."

ಹೆಂಡತಿ ಬಾಗಿಲಿಗೆ ಒರಗಿ ನಗುತ್ತ ನಿಂತಿದ್ದಳು. ಕೊನೆಗೆ ಅವಳೇ ಬಂದು ಮೂಸಿ, "ಸರಿಯಾಗಿದೆ, ಹೊಸ ಬ್ರೆಡ್ಡಿನ ಹಾಗಿದೆ," ಅಂದಳು. ಆ ಮನೆಯಲ್ಲಿ ಕಿವಿಗೊಬ್ಬರು, ಮೂಗಿಗೊಬ್ಬರು ಅನ್ನುವ ವ್ಯವಸ್ಥೆ ಅಂದಿನಿಂದ ಶುರುವಾಯಿತು.

ಪಿಜ್ಜಾದ ದುಂಡಗಿನ ತಳವನ್ನು ಮೂಗಣ್ಣ ಪರೀಕ್ಷೆಯ ಹಾಳೆಯಂತೆ ನೋಡಿದ. ಎಂಟು ಹೋಳಿಗೆ ಎಂಟು ಬಗೆ. ಪ್ರತಿ ಹೋಳಿನ ಹೊರಅಂಚಿಗೆ ಚಾಕುವಿನಿಂದ ಒಂದು, ಎರಡು, ಮೂರು ಗೀರು. ಯಾವ ಗೀರಿನದು ಏನಾಯಿತು ಎಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡ. ಬಾಳೆಹಣ್ಣು ಬೆಂದು ಗೊಜ್ಜಾಯಿತು, ವಜಾ. ಆಲೂಗೆಡ್ಡೆ ಇದ್ದೂ ಇಲ್ಲ. ದ್ರಾಕ್ಷಿ ಒಳ್ಳೆಯದೇ, ಆದರೆ ಬಾಯಲ್ಲಿ ಸಿಡಿದು ನಾಲಿಗೆ ಸುಟ್ಟಿತು. ಖರ್ಜೂರದ ಜೊತೆ ಒಣಮೆಣಸಿನಕಾಯಿ ಚೂರು ಪಾಸು. ಟೊಮೇಟೊ ಹುಳಿಗೆ ಅಂಜೂರದ ಸಿಹಿ ಪಾಸು. ಎಲ್ಲದಕ್ಕಿಂತ ಮೇಲೆ ನಿಂತದ್ದು ಐದನೆಯ ಹೋಳು: ಕಂದು ಬಣ್ಣ ಬರುವ ತನಕ ನಿಧಾನವಾಗಿ ಹುರಿದ ಈರುಳ್ಳಿ, ತೆಳ್ಳಗೆ ಕೊಯ್ದ ಮರಸೇಬು, ಉಪ್ಪಿನ ಬಿಳಿ ಚೀಸ್, ಜಜ್ಜಿದ ಕಾಳುಮೆಣಸು, ಅಗಿಯಲು ಅಕ್ರೋಟು, ಓವನ್ನಿನಿಂದ ತೆಗೆದ ಮೇಲೆ ಎರಡೇ ಎರಡು ಹನಿ ಜೇನುತುಪ್ಪ.

"ಇದೇನು ಊಟವೋ, ಮಕ್ಕಳ ಪರೀಕ್ಷೆಯೋ?" ಅಂದರು ಅತ್ತೆ. "ಹಣ್ಣಿನ ಮೇಲೆ ಈರುಳ್ಳಿ ಹಾಕೋರನ್ನ ನಾನು ಈ ವಯಸ್ಸಿನವರೆಗೂ ಕಂಡಿಲ್ಲ." ಅಂದವರು ಖರ್ಜೂರದ ಹೋಳನ್ನು ಹಲ್ಲಿಲ್ಲದ ಕಡೆ ತಳ್ಳಿ ನಿಧಾನವಾಗಿ ಮುಗಿಸಿದರು.

ಭಾನುವಾರಗಳು ಹಾಗೇ ಸಾಗಿದವು. ಒಂದು ಸೋಮವಾರ ಹೆಂಡತಿ ಬೆಳಿಗ್ಗೆ ಏಳಕ್ಕೇ ಎದ್ದು, ಕಿಟಕಿಯನ್ನೂ ತೆರೆಯದೆ, ಒಂದು ಬಾಣಲೆ ತುಂಬ ಈರುಳ್ಳಿ ಬೆಳ್ಳುಳ್ಳಿ ಹುರಿದಳು. ಮನೆಯೆಲ್ಲ ಘಮ್ಮೆಂದಿತು. ಮೂಗಣ್ಣ ಎದ್ದು ಬಂದು ಅಲ್ಲೇ ಪಕ್ಕದಲ್ಲಿ ಕಾಫಿ ಕುಡಿದ.

"ಮದುವೆ ಆದಾಗಿಂದ ಇದನ್ನ ಬೆಳಿಗ್ಗೆ ಹೊತ್ತು ಮಾಡಬೇಕು ಅಂತಿತ್ತು," ಅಂದಳು ಅವಳು. "ನಿಮಗೆ ಹೀಗಾಯ್ತು ಅಂತ ಬೇಜಾರೂ ಇದೆ, ಈ ವಾಸನೆ ತಗೊಂಡು ಖುಷಿಯೂ ಆಗ್ತಿದೆ. ಎರಡೂ ಹೇಳ್ತೀನಿ, ತಪ್ಪು ತಿಳ್ಕೋಬೇಡಿ."

"ಹೇಗಿದೆ ವಾಸನೆ?"

ಅವಳು ಸ್ವಲ್ಪ ಯೋಚಿಸಿದಳು. "ರಜೆಯ ದಿನದ ಹಾಗಿದೆ."

ಅವನು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡ.

ಮೇಸ್ತ್ರಿಯ ವಿಷಯ ಮಾತ್ರ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಹಾಗೇ ಇತ್ತು. ಮೂಗಣ್ಣ ಎರಡು ಸಲ ಬೆಂಚಿನ ತನಕ ಹೋಗಿ ವಾಪಸು ಬಂದಿದ್ದ. ಮೂರನೆಯ ಸಲ ನಿಂತೇ ಹೇಳಿದ, "ಭಾನುವಾರ ಮನೆಗೆ ಬಾ. ನಾನೇ ಪಿಜ್ಜಾ ಮಾಡ್ತೀನಿ. ಕ್ಷಮೆ ಕೇಳೋಕೆ ನನಗೆ ಬರಲ್ಲ, ಅದು ಬರುತ್ತೆ."

"ಮೂಗಿಲ್ಲದವನ ಅಡುಗೆ ತಿನ್ನೋ ಧೈರ್ಯ ನನಗಿಲ್ಲ," ಅಂದ ಮೇಸ್ತ್ರಿ. ಆದರೂ ಭಾನುವಾರ ಹನ್ನೆರಡಕ್ಕೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾಗಿಲು ತಟ್ಟಿದ.

ಐದನೆಯ ಹೋಳಿನ ಬಗೆಯಲ್ಲೇ ಇಡೀ ಪಿಜ್ಜಾ ಮಾಡಿದ್ದ ಮೂಗಣ್ಣ. ಮೇಸ್ತ್ರಿ ಒಂದು ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ಹೋಳನ್ನು ತಟ್ಟೆಗೆ ಇಳಿಸಿದ. ಮೂಗಣ್ಣನ ಹೆಂಡತಿ ಮೇಸ್ತ್ರಿಯ ಮುಖ ನೋಡಿ ಕಣ್ಣಲ್ಲೇ ಬೇಡ ಬೇಡ ಅಂದಳು. ಅವನು ನೋಡಲಿಲ್ಲ.

"ಅಕ್ರೋಟು ಕಮಟಾಗಿದೆ," ಅಂದ.

ಮೂಗಣ್ಣ ಹೆಂಡತಿಯನ್ನು ನೋಡಿದ. "ಹೌದಾ?"

"ಸ್ವಲ್ಪ," ಅಂದಳು.

"ಯಾವಾಗಿಂದ?"

"ಒಂದು ತಿಂಗಳಾಯ್ತೇನೋ. ನೀವು ಅಷ್ಟು ಆಸೆಯಿಂದ ಮಾಡ್ತೀರಿ, ಹೇಗೆ ಹೇಳೋದು? ಅಮ್ಮನೂ ಆರಿಸಿ ಆರಿಸಿ ಕರವಸ್ತ್ರದಲ್ಲಿ ಕಟ್ಟಿಡ್ತಿದ್ರು."

ಅತ್ತೆಯ ಅರ್ಧ ಕಿವಿಗೆ ಇಷ್ಟು ಮಾತು ಸ್ಪಷ್ಟವಾಗಿ ಕೇಳಿಸಿತು. ಕರವಸ್ತ್ರದ ಗಂಟನ್ನು ಮೆಲ್ಲಗೆ ಮಡಿಲಿನಿಂದ ಮೇಜಿನ ಕೆಳಗೆ ಸಾಗಿಸಿದರು.

ಮೂಗಣ್ಣನ ಕಿವಿ ಕೆಂಪಾಯಿತು. ಕಮಟು ಕಂಡುಹಿಡಿಯುವುದಕ್ಕೇ ಸಂಬಳ ಎಣಿಸಿದವನು ಒಂದು ತಿಂಗಳಿನಿಂದ ಮನೆಯವರಿಗೆ ಕಮಟನ್ನೇ ಉಣಿಸಿದ್ದ. ಕನಿಕರಪಟ್ಟು ಅವರು ನುಂಗಿದ್ದರು. ಎದ್ದು ಅಕ್ರೋಟಿನ ಡಬ್ಬಿಯನ್ನು ಕಸದ ಬುಟ್ಟಿಗೆ ಮಗುಚಿದ. ತಿರುಗಿ ಬಂದು ಕೂತು, "ನಾನು ಕಾರ್ಖಾನೆಯಲ್ಲಿ ಮಾಡಿದ್ದೂ ಇದೇ," ಅಂದ. "ಗೊತ್ತಿದ್ದೂ ಸುಮ್ಮನಿದ್ದೆ. ನನ್ನ ಮೇಲೆ ಕನಿಕರ ಬೇಡ. ಕೆಟ್ಟಿದ್ದರೆ ಕೆಟ್ಟಿದೆ ಅನ್ನಿ. ಇಲ್ಲದಿದ್ರೆ ನಾನು ಮಾಡೋದೇ ಬೇಡ."

ಮೇಸ್ತ್ರಿ ಅಕ್ರೋಟುಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗಿಟ್ಟು, ಉಳಿದದ್ದನ್ನು ತಿಂದ. "ಅದು ಬಿಟ್ರೆ ಚೆನ್ನಾಗಿದೆ," ಅಂದ. "ಜೇನು ಇನ್ನೊಂದು ಹನಿ ಬೇಕು. ನಿನಗೆ ಸಾಕು ಅನ್ಸಿರುತ್ತೆ, ನಮಗೆ ಸಾಲದು." ಬೆರಳು ಒರೆಸಿಕೊಳ್ಳುತ್ತ, "ಹೀಗೆ ಎದುರಿಗೆ ಕೇಳಿದ್ರೆ ಅವತ್ತೂ ಹೇಳ್ತಿದ್ದೆ, ಮಾರಾಯ," ಅಂದ. ಇನ್ನೊಂದು ಹೋಳು ಹಾಕಿಸಿಕೊಂಡ.

ಮಾರನೆಯ ದಿನ ಮಧ್ಯಾಹ್ನ ಇಬ್ಬರ ಬುತ್ತಿಯೂ ಹಳೆಯ ಬೆಂಚಿಗೆ ಬಂತು.

ಇದೆಲ್ಲ ಆಗಿ ಮೂರು ವರ್ಷವಾಗಿದೆ. ಮೂಗು ತಿರುಗಿ ಬರಲಿಲ್ಲ. ಯಾವಾಗಲಾದರೊಮ್ಮೆ, ಕಾರಣವಿಲ್ಲದೆ, ತುಕ್ಕು ಹಿಡಿದ ಕಬ್ಬಿಣದಂಥ ಒಂದು ವಾಸನೆ ಅರೆಗಳಿಗೆ ಸುಳಿದು ಹೋಗುತ್ತದೆ. ಡಾಕ್ಟರು ಅದನ್ನು ಒಳ್ಳೆಯದೂ ಅನ್ನಲಿಲ್ಲ, ಕೆಟ್ಟದ್ದೂ ಅನ್ನಲಿಲ್ಲ. ಕಾರ್ಖಾನೆಯಲ್ಲಿ ಅವನ ಜಾಗಕ್ಕೆ ಪ್ಯಾಕಿಂಗ್ ವಿಭಾಗದಿಂದ ಒಬ್ಬ ಹೆಂಗಸನ್ನು ತಂದರು. ಅವಳ ಮೂಗು ಚುರುಕು, ಮಾತು ಕಡಿಮೆ. ಕಲಿಸಿಕೊಡು ಎಂದು ಮ್ಯಾನೇಜರಮ್ಮ ಅವನನ್ನೇ ಕರೆಸಿದರು. ಆರು ತಿಂಗಳು ದಿನಕ್ಕೆ ಒಂದು ಗಂಟೆ ಅವಳ ಎದುರು ಕೂತು, ತಾನು ಮೂಸದೆ, ಬರೀ ಪ್ರಶ್ನೆ ಕೇಳುತ್ತ ಕಲಿಸಿದ. ಮೊದಲು ಏನು ಬಂತು, ಆಮೇಲೆ ಏನು ಬಂತು, ಹೋಗುವಾಗ ಏನು ಬಿಟ್ಟು ಹೋಯಿತು. ಅನುಮಾನವಿದ್ದರೆ ಅನುಮಾನ ಎಂದೇ ಬರೆಯಬೇಕು, ಯಾರನ್ನೂ ಮೆಚ್ಚಿಸಲು ಹೂಂ ಅನ್ನಬಾರದು ಎಂದು ಮೊದಲ ದಿನವೇ ಹೇಳಿದ್ದ. ಹೆಸರು ಮಾತ್ರ ಹೊಸಬಳಿಗೆ ವರ್ಗವಾಗಲಿಲ್ಲ. ತೂಕದ ವಿಭಾಗದಲ್ಲೂ ಅವನು ಮೂಗಣ್ಣನೇ.

ಭಾನುವಾರದ ಪಿಜ್ಜಾ ನಿಂತಿಲ್ಲ. ಮೇಸ್ತ್ರಿಯ ಮನೆಯವರೂ ತಿಂಗಳಿಗೊಮ್ಮೆ ಬರುತ್ತಾರೆ. ಬಂದವರೆಲ್ಲ ಬಾಯಿಗೆ ಬಂದದ್ದನ್ನು ಅನ್ನುತ್ತಾರೆ: ತಳ ಹಸಿ, ಚೀಸ್ ಅತಿ, ಅಂಜೂರದಲ್ಲಿ ಮರಳು. ಪುಸ್ತಕ ಎರಡು ತುಂಬಿ ಮೂರನೆಯದು ನಡೆಯುತ್ತಿದೆ. ಅತ್ತೆಗೆ ಈಗ ಮುಂದಿನ ಎರಡು ಹಲ್ಲೂ ಹೋಗಿವೆ. ಆದ್ದರಿಂದ ಅವರ ಪಾಲಿನದನ್ನು ಮೂಗಣ್ಣ ಬೇರೆಯಾಗಿ ಮಾಡುತ್ತಾನೆ: ಅಂಚು ಕಡಿಮೆ ಸುಟ್ಟು, ಖರ್ಜೂರವನ್ನು ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಮೆಣಸಿನಕಾಯಿ ಅರ್ಧ ಹಾಕಿ. ಹೋದ ವಾರ ಅದನ್ನು ತಿಂದು ಮುಗಿಸಿದವರು, ಸಿಹಿ ಸ್ವಲ್ಪ ಹೆಚ್ಚಾಯಿತು, ಮುಂದಿನ ಸಲ ಮೆಣಸಿನಕಾಯಿ ಪೂರ್ತಿ ಇರಲಿ ಅಂದರು. ಅಳಿಯ ಅದನ್ನೂ ಬರೆದುಕೊಂಡು, ತಟ್ಟೆಗಳನ್ನು ತೊಳೆಯಲು ಎತ್ತಿಕೊಂಡು ಹೋದ.